ದಾಸವಾಳಕ್ಕೆ ನೇಮಿಸಿದ ಪೊಲೀಸರು

ಮಾರೇನಹಳ್ಳಿಯ ಮರಿಯಪ್ಪನವರು ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ತೀರ್ಪು ಕೊಟ್ಟುಬಿಟ್ಟರು.

"ಭಾನುವಾರ ಬೈರಯ್ಯ ಮಚ್ಚು ತಗೊಂಡು ಬರ್ತಾನೆ, ಗಂಗಾಧರಯ್ಯನೋರೆ. ಈ ದಾಸವಾಳ ಬುಡಸಮೇತ ಹೋಗ್ಬೇಕು. ನಿಮ್ಮ ಗಿಡದ ಇರುವೆ ನಮ್ಮ ಕಿಟಕಿಗೆ ಇಳೀತಾವೆ. ನೆನ್ನೆ ನಮ್ಮವ್ವನ ಹಾಲಲ್ಲೂ ಇದ್ವು."

ಮರಿಯಪ್ಪ ಮನೆಯ ಮಾಲೀಕರು, ಗಂಗಾಧರಯ್ಯ ಹಿಂಭಾಗದ ಎರಡು ಕೋಣೆಗಳ ಬಾಡಿಗೆದಾರರು. ಹಾಗಾಗಿ ಅಪೀಲಿಗೆ ಅವಕಾಶವಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗಂಗಾಧರಯ್ಯನವರ ಹೆಂಡತಿ ಜಗದಾಂಬಾ ಗಿಡದತ್ತ ತಿರುಗಿದರು. ಆ ಗಿಡದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹರಿಹರದ ತವರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವರು ಆಕೆ. ಮರುವರ್ಷವೇ ತಾಯಿ ತೀರಿಕೊಂಡರು. ಆ ತವರುಮನೆ ಕೊಂಡವರು ಹಿತ್ತಿಲನ್ನು ಸಪಾಟು ಮಾಡಿ ಗೋದಾಮು ಕಟ್ಟಿದರು. ತಾಯಿ ಕೈಯಾರೆ ಬೆಳೆಸಿದ ಆ ಮುದ್ದೆ ದಾಸವಾಳ ಇನ್ನು ಎಲ್ಲಾದರೂ ಉಳಿದಿದ್ದರೆ ಇಲ್ಲಿ, ಈ ಮೂರಡಿ ಮಣ್ಣಿನಲ್ಲಿ.

ಗಂಗಾಧರಯ್ಯನವರು ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕು. ಅವರಿಗೆ ಗೊತ್ತಿಲ್ಲದ ವಿಷಯ ಇರಲಿಲ್ಲವೆಂದಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಇರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಮೊಗ್ಗಿನ ಬುಡದಲ್ಲಿ ಎಳ್ಳಿನಷ್ಟು ದಪ್ಪದ ಹಸಿರು ಹುಳುಗಳು ಕಾಣಿಸಿಕೊಂಡು, ಹಿಂದೆಯೇ ಇರುವೆ ಸಾಲು ಹತ್ತಿದಾಗ, ಅವರು ಕನ್ನಡಕ ಏರಿಸಿ ಇಡೀ ಬೀದಿಗೆ ಕೇಳುವಂತೆ ಘೋಷಿಸಿದ್ದರು: "ಹುಳ ತಿನ್ನೋಕೆ ಬಂದಿರೋ ಪೊಲೀಸರು ಕಣ್ರೀ ಇವು! ಯಾರೂ ಮುಟ್ಟಬೇಡಿ."

ಪೊಲೀಸರು ಹೆಚ್ಚಿದರು. ಹುಳುಗಳೂ ಹೆಚ್ಚಿದವು. ಎಲೆ ಮುರುಟಿತು, ಮೊಗ್ಗು ಅರಳದೆ ಉದುರಿತು. ಸಿಬ್ಬಂದಿ ಸಾಲದು ಎಂದು ತೀರ್ಮಾನಿಸಿದ ಗಂಗಾಧರಯ್ಯ, ರೇಷನ್ನಿನಲ್ಲಿ ಅಳೆದು ಕೊಡುತ್ತಿದ್ದ ಸಕ್ಕರೆಯನ್ನು ದಿನಕ್ಕೊಂದು ಚಿಟಿಕೆಯಂತೆ ಗುಟ್ಟಾಗಿ ಬುಡಕ್ಕೆ ಹಾಕತೊಡಗಿದರು.

ಶನಿವಾರ ಮಧ್ಯಾಹ್ನ, ಪೊಲೀಸರ ಪರವಾಗಿ ಮಾಲೀಕರಿಗೆ ಒಂದು ವರದಿ ಬರೆಯೋಣವೆಂದು ಭೂತಗನ್ನಡಿ ಹಿಡಿದು ಕೂತರು. ಒಂದು ಇರುವೆ ಹುಳುವಿನ ಬೆನ್ನನ್ನು ಮೀಸೆಯಿಂದ ಮೆಲ್ಲಗೆ ತಟ್ಟಿತು. ಹುಳು ಹಿಂದಿನಿಂದ ಒಂದು ಹನಿ ಬಿಟ್ಟಿತು. ಇರುವೆ ಅದನ್ನು ಕುಡಿದು ಮುಂದಿನ ಹುಳುವಿನತ್ತ ನಡೆಯಿತು. ಅಷ್ಟರಲ್ಲಿ ಕೆಂಪು ಬೆನ್ನಿನ ಗುಲಗಂಜಿ ಹುಳುವೊಂದು ಬಂದು ಹಸಿರು ಹುಳುವಿಗೆ ಬಾಯಿ ಹಾಕಿತು. ನಾಲ್ಕು ಇರುವೆಗಳು ಮೇಲೆ ಬಿದ್ದು ಅದನ್ನು ಓಡಿಸಿದವು. ಗಂಗಾಧರಯ್ಯ ವರದಿಯ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಯಾರಿಗೂ ಹೇಳಲಿಲ್ಲ.

ಭಾನುವಾರ ಎಂಟಕ್ಕೆ ಬೈರಯ್ಯ ಬಂದ. ಮಚ್ಚನ್ನು ಕಲ್ಲಿಗೆ ಉಜ್ಜುವ ಸದ್ದಿಗೆ ಜಗದಾಂಬಾ ಒದ್ದೆ ಕೈಯಲ್ಲೇ ಹೊರಗೆ ಬಂದರು. ಮಾಲೀಕರ ತಾಯಿ ಹನುಮಕ್ಕ ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತ ಕೂತಿದ್ದರು.

ಬುಡದಲ್ಲಿ ಬಗ್ಗಿದ ಮರಿಯಪ್ಪ ಏನೋ ಬೆರಳಿಗೆ ಒತ್ತಿಕೊಂಡು ಎದ್ದರು. "ಸಕ್ಕರೆ! ನೋಡವ್ವ, ಸಕ್ಕರೆ ಹಾಕಿ ಸಾಕವ್ರೆ. ಅಮ್ಮಾವ್ರೆ, ಇರುವೆಗೆ ಸಕ್ಕರೆ ಹಾಕಿದ್ರೆ ಪುಣ್ಯ ಬರುತ್ತೆ ಅಂತ ಯಾರು ಹೇಳಿದ್ರು ನಿಮ್ಗೆ? ಪುಣ್ಯ ನಿಮ್ಗೆ, ಇರುವೆ ನಮ್ಗಾ?"

ಜಗದಾಂಬಾ ಅವರ ಮುಖ ಕೆಂಪಗಾಯಿತು. ಅವರು ಮಾಲೀಕರನ್ನು ನೋಡಲಿಲ್ಲ, ಗಿಡವನ್ನೂ ನೋಡಲಿಲ್ಲ. ಗಂಡನನ್ನು ನೋಡಿದರು.

"ಕಡಿಯೋ ಬೈರ," ಎಂದರು ಮರಿಯಪ್ಪ.

ಮಚ್ಚು ಮೇಲೆದ್ದಿತು.

"ಒಂದ್ನಿಮಿಷ," ಎಂದರು ಗಂಗಾಧರಯ್ಯ. "ಇದರಲ್ಲಿ ಒಂದು... ಆಡಳಿತಾತ್ಮಕ ಲೋಪ..."

"ಏನು ಪಾಪ?" ಎಂದರು ಮರಿಯಪ್ಪ.

"ಲೋಪ. ಅಂದ್ರೆ..." ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವರು ಕಲಿತ ಯಾವ ಪದವೂ ಕೈಹಿಡಿಯಲಿಲ್ಲ. "ಸಕ್ಕರೆ ಹಾಕಿದ್ದು ನಾನು. ಅವಳಲ್ಲ. ಇರುವೆ ಹುಳ ತಿನ್ನುತ್ತೆ ಅಂದ್ಕೊಂಡಿದ್ದೆ. ತಿನ್ನಲ್ಲ. ನಂಗೆ ಗೊತ್ತಿರ್ಲಿಲ್ಲ."

ಮಚ್ಚು ಎತ್ತಿದ ಕೈ ಹಾಗೇ ನಿಂತಿತು. ಹನುಮಕ್ಕ ಪಿಚಕ್ಕನೆ ಉಗಿದು ಗೊಳ್ಳೆಂದು ನಕ್ಕರು.

"ಅಯ್ನೋರೆ, ಅದು ಹೇನು ಕಣಪ್ಪ! ಅವರೆ ಗಿಡಕ್ಕೆ ಬೀಳಲ್ವಾ, ಅಂಥದ್ದೇ. ನಾವು ಹಸ ಕಟ್ಕಂಡಂಗೆ ಇರುವೆ ಹೇನು ಕಟ್ಕಂಡೈತೆ. ಹಾಲು ಕರೆಯಾಕೆ ಬಂದೋರ್ನ ಪೊಲೀಸು ಅಂದ್ರಲ್ಲ!" ಮಗನತ್ತ ತಿರುಗಿದರು. "ಲೇ ಮರಿಯ, ಕಿಟಕಿಗೆ ತಾಕೋ ಕೊಂಬೆ ಒಂದು ಕಡುಸು, ಸಾಕು. ಹೇನು ಹೋದ್ರೆ ಇರುವೆ ಯಾಕ್ ಹತ್ತುತ್ತೆ?"

"ಹೋಗ್ದೇ ಇದ್ರೆ?"

"ಅಮಾವಾಸ್ಯೆಗೆ ನೋಡು. ಆಗ್ಲೂ ಇದ್ರೆ ಕಡಿ."

ಒಂದು ಕೊಂಬೆ ಬಿತ್ತು. ಬೈರಯ್ಯ ಮಚ್ಚನ್ನು ಗೋಡೆಗೆ ಒರಗಿಸಿದ. ಹನುಮಕ್ಕ ಹೇಳಿದಂತೆ ಜಗದಾಂಬಾ ಹೊಗೆಸೊಪ್ಪು ಕುದಿಸಿ ಸೋಸಿ, ಸೋಪಿನ ನೀರಿಗೆ ಬೆರೆಸಿ ತಂದರು. ಇರುವೆ ಹತ್ತದಂತೆ ಕಾಂಡಕ್ಕೆ ಹರಳೆಣ್ಣೆಯ ಬಟ್ಟೆ ಸುತ್ತಿದರು. ಗಂಗಾಧರಯ್ಯ ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಲೆ ಒರೆಸತೊಡಗಿದರು.

"ಎಲೆ ಅಡಿ, ಅಯ್ನೋರೆ, ಎಲೆ ಅಡಿ! ಮೇಲೇನು ಸವರ್ತೀರಿ?" ಎಂದು ಜಗಲಿಯಿಂದ ಕೂಗು ಬಂತು.

ಜಗದಾಂಬಾ ಪಕ್ಕದಲ್ಲಿ ಕೂತು ಕೊಂಬೆ ಬಗ್ಗಿಸಿ ಹಿಡಿದರು. ಬೀಡಿ ಹಚ್ಚಿದ ಬೈರಯ್ಯ ಕೇಳಿದ: "ಇಷ್ಟಕ್ಕೇ ಹೋಯ್ತವಾ ಸ್ವಾಮಿ, ಹೇನು?"

ಗಂಗಾಧರಯ್ಯ ಕನ್ನಡಕ ಏರಿಸಿದರು, ಬಾಯಿ ತೆರೆದರು.

"ಹನುಮಕ್ಕನೋರ್ನ ಕೇಳಪ್ಪ," ಎಂದು ಇನ್ನೊಂದು ಎಲೆ ತಿರುಗಿಸಿದರು.