ನೇಪಾಳಕ್ಕೆ ಹೋದ ಮಾವನ ಗಾಡಿ

ಮಾವನ ಉಡದಾರಕ್ಕೆ ಮೋಟಾರ್ ಸೈಕಲ್ಲಿನ ಚಾವಿ ಕಟ್ಟಿರುತ್ತಿತ್ತು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ, ತಿಕ್ಕಿ ತಿಕ್ಕಿ ಸೊಂಟದ ಒಂದು ಕಡೆ ಚರ್ಮ ಕಪ್ಪಗೆ ದಡ್ಡುಗಟ್ಟಿತ್ತು. ಬೈಲಹೊಂಗಲದ ಸಂತೆಯಲ್ಲಿ ಎತ್ತಿನ ವ್ಯಾಪಾರಕ್ಕೆ ನಿಂತರೂ ಅವರ ಒಂದು ಕಣ್ಣು ಗಾಡಿಯ ಮೇಲೇ.

ನನ್ನನ್ನು ಅವರು ಕಳ್ಳ ಎನ್ನುತ್ತಿದ್ದರು. ಅವರ ಒಪ್ಪಿಗೆಯಿಲ್ಲದೆ ಸವದತ್ತಿಯ ನೋಂದಣಿ ಕಚೇರಿಯಲ್ಲಿ ಅವರ ಮಗಳನ್ನು ಮದುವೆಯಾಗಿದ್ದೆ. ನಾನು ಎದುರಿಗೇ ಕುಳಿತಿದ್ದರೂ "ಕಳ್ಳ ಉಂಡಾನೇನು?" ಎಂದು ಮಗಳನ್ನು ಕೇಳುತ್ತಿದ್ದರು. ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ನೇಪಾಳಕ್ಕೆ ಹೋಗಿ ಪಶುಪತಿನಾಥನ ದರ್ಶನ ಮಾಡುವ ಹಟ ಹಿಡಿಯಿತು. ಅದೂ ತಮ್ಮ ಗಾಡಿಯ ಮೇಲೆಯೇ. ಕಣ್ಣಿನ ಆಪರೇಷನ್ ಆಗಿದ್ದರಿಂದ ತಾವೇ ಓಡಿಸುವಂತಿರಲಿಲ್ಲ. ಹೆಂಡತಿಯ ಮಾತಿಗೆ ಕಟ್ಟುಬಿದ್ದು ರಾಮದುರ್ಗದಿಂದ ನಾನು ಹೋದೆ. ಗಾಡಿ ಚಾಲೂ ಮಾಡುವ ಮೊದಲೇ ಹಿಂದೆ ಕುಳಿತವರು ಹೇಳಿದರು: "ಇಳದ ಕೂಡ್ಲೇ ಚಾವಿ ನನ್ನ ಕೈಯಾಗ ಕೊಡಬೇಕು. ನಿನ್ನ ನಂಬಿ ಬಂದಿಲ್ಲ ನಾ."

ದಾರಿಯುದ್ದಕ್ಕೂ ಜಗಳ. ತಂಗಿದಲ್ಲೆಲ್ಲ ಎತ್ತು ಕಟ್ಟುವ ಸರಪಳಿಯಿಂದ ಗಾಡಿಯನ್ನು ಕಿಟಕಿಯ ಸರಳಿಗೆ ಬಿಗಿದು ಕೀಲಿ ಹಾಕುವರು. ಪ್ಲಗ್ಗು ಬಿಚ್ಚಿ ಕಿಸೆಯಲ್ಲಿ ಇಟ್ಟುಕೊಳ್ಳುವರು. ಗಡಿ ದಾಟಿದ ಮೇಲಂತೂ ಸಂಶಯ ಇನ್ನೂ ಹೆಚ್ಚಿತು. "ಇಲ್ಲಿ ಕಳುವಾದ್ರ ಯಾರ ಮುಂದ ಹೇಳ್ತಿ? ನಮ್ಮ ಗೋಳ ಯಾರಿಗೆ ತಿಳೀತೈತಿ?"

ಅಲ್ಲೊಂದು ಊರಿನಲ್ಲಿ ಸಿಕ್ಕ ಲಾಡ್ಜಿಗೆ ಅಂಗಳವಿರಲಿಲ್ಲ. ಗಾಡಿಯನ್ನು ಗಲ್ಲಿಯಲ್ಲೇ ನಿಲ್ಲಿಸಬೇಕಾಯಿತು. ಮಾವ ಎದುರಿನ ಚಹಾದಂಗಡಿಯವನಿಗೂ ಅಕ್ಕಪಕ್ಕದವರಿಗೂ ತಮ್ಮ ಮುರುಕು ಹಿಂದಿಯಲ್ಲಿ ಹೇಳಿಬಂದರು: ಈ ಗಾಡಿಯನ್ನು ನನ್ನ ಹೊರತು ಯಾರೇ ಮುಟ್ಟಿದರೂ ಕಳ್ಳ, ಹಿಡಿದು ಬಡಿಯಿರಿ. ನನಗೆ ಮಾತ್ರ ಹೇಳಲಿಲ್ಲ.

ಬೆಳಗ್ಗೆ ಸಡಿಲಾದ ಚೈನು ಬಿಗಿ ಮಾಡಲು ಪಾನಾ ಹಿಡಿದು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತೆ. ಯಾರೋ ಹಿಂದಿನಿಂದ ಕೊರಳಪಟ್ಟಿ ಹಿಡಿದು ಎಳೆದರು. ಬಾಯಿ ತೆರೆಯುವುದರೊಳಗೆ ಕಪಾಳಕ್ಕೆ ಬಿತ್ತು. ಗಲ್ಲಿ ತುಂಬಿತು. ಗಾಡಿ ನಮ್ಮದೇ ಎಂದರೆ ಯಾರೂ ಕೇಳಲಿಲ್ಲ. ತುಟಿ ಒಡೆಯಿತು.

ಗದ್ದಲ ಕೇಳಿ ಮಾವ ಮೆಟ್ಟಿಲಿಳಿದು ಬಂದರು. ಚಹಾದಂಗಡಿಯವನು ನನ್ನ ಕೂದಲು ಹಿಡಿದು ಮುಖ ಎತ್ತಿ, ಇವನು ಕಳ್ಳನೇನು ಎಂದು ಅವರನ್ನು ಕೇಳಿದ.

ಮಾವ ನನ್ನನ್ನೇ ನೋಡಿದರು. ಏನೂ ಅನ್ನಲಿಲ್ಲ. ಮದುವೆಯಾದಾಗಿನಿಂದ ಇಂಥದೊಂದು ಗಳಿಗೆಗೇ ಕಾದಿದ್ದರೇನೋ ಅನ್ನಿಸಿತು. ಪೆಟ್ಟಿಗಿಂತ ಆ ಮೌನಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಬಿಡ್ರಿ," ಅಂದರು, ಕನ್ನಡದಲ್ಲೇ. ಅಲ್ಲಿ ಯಾರಿಗೂ ತಿಳಿಯಲಿಲ್ಲ. ಜನರನ್ನು ಸರಿಸಿಕೊಂಡು ಬಂದು ನನಗೆ ಅಡ್ಡ ನಿಂತರು. ನನಗೆಂದು ಬೀಸಿದ ಪೆಟ್ಟು ಅವರ ಹೆಗಲಿಗೆ ಬಿತ್ತು. ಆಮೇಲೆ ಹಿಂದಿಯಲ್ಲಿ ಹೇಳಿದರು: ಕಳ್ಳ ಅಲ್ಲ, ನನ್ನ ಅಳಿಯ.

ಕೋಣೆಗೆ ಬಂದ ಮೇಲೆ ಸಿಟ್ಟಿನಲ್ಲೇ ಕೇಳಿದರು, "ಕೇಳದ ಯಾಕ ಮುಟ್ಟಿದಿ?"

"ಮಾಂವಾರ, ನನಗೂ ಒಂದ ಮಾತ ಹೇಳಬೇಕಿತ್ತು."

"ನಿನಗ ಹೇಳಿದ್ರ ಕಾವಲ ಯಾರ ಮ್ಯಾಲ ಇಡ್ಲಿ?"

ಗಾಡಿ ಕ್ಷೇಮವಾಗಿ ಬೈಲಹೊಂಗಲಕ್ಕೆ ಮರಳಿತು. ನಮ್ಮ ನಡುವೆ ಏನೂ ಸರಿಹೋಗಲಿಲ್ಲ. ಅಳಿಯ ಎಂಬ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ. ಕಳ್ಳ ಎನ್ನುವುದನ್ನೂ ಬಿಟ್ಟರು. ಏನೂ ಕರೆಯದೆಯೇ ಉಳಿದ ವರ್ಷಗಳನ್ನು ಕಳೆದು, ಒಂದು ದಿನ ಎದೆನೋವಿನಿಂದ ಹೋದರು. ಮಣ್ಣು ಕೊಡುವಾಗ ನನಗೆ ಅಳು ಬರಲಿಲ್ಲ.

ಆ ಗಲ್ಲಿಯಲ್ಲಿ ಅವರು ಹೌದೆಂದು ತಲೆಯಾಡಿಸಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಅಷ್ಟು ದ್ವೇಷವಿದ್ದೂ ತಲೆಯಾಡಿಸಲಿಲ್ಲ. ಆ ಋಣ ಒಪ್ಪುತ್ತೇನೆ. ಬಾಯಿ ತೆರೆಯಲು ಅವರು ತೆಗೆದುಕೊಂಡ ಹೊತ್ತನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ.