ಜೋಳದ ಹಿಟ್ಟಿನ ರಷ್ಯಾ

ದಾನೇಶ್ವರಿಗೆ ಸವತಿ ಇದ್ದಿದ್ದರೆ ಜಗಳವಾಡಿ ಓಡಿಸಬಹುದಿತ್ತು. ಗಂಡ ಸಂಗಮೇಶ ಮನಸ್ಸು ಕೊಟ್ಟದ್ದು ಎಂದೋ ಸತ್ತುಹೋದ ಒಬ್ಬ ಜರ್ಮನ್ ಜನರಲ್‌ಗೆ. ಜರ್ಮನಿಯ ಅಬ್‌ಸ್ಟಾಟ್‌ ಊರಿನಲ್ಲಿ ದಿನವಿಡೀ ಕಾರಿನ ಬ್ರೇಕು ಪರೀಕ್ಷಿಸಿ ಬರುವ ಈ ವಿಜಯಪುರದ ಎಂಜಿನಿಯರ್, ಬೂಟು ಬಿಚ್ಚುವ ಮೊದಲೇ ಎರಡನೇ ಮಹಾಯುದ್ಧಕ್ಕೆ ಹೊರಟುಬಿಡುತ್ತಾನೆ. ಊಟದ ಮೇಜಿನ ಮೇಲೆ ಬೆರಳುದ್ದದ ಆಟಿಕೆ ಟ್ಯಾಂಕುಗಳು ಮುನ್ನುಗ್ಗುತ್ತವೆ, ಪಲ್ಯದ ಬಟ್ಟಲು ಹಿಮ್ಮೆಟ್ಟುತ್ತದೆ. ಜನರಲ್ ಹೋಲ್ಟ್‌ಮನ್ ಯಾವ ಹೊಳೆ ದಾಟಿದ, ಎಲ್ಲಿ ಪೆಟ್ರೋಲ್ ಮುಗಿದು ಪರದಾಡಿದ, ಅವನ ಟ್ಯಾಂಕಿನ ಡ್ರೈವರ್ ಯಾರು, ಎಲ್ಲ ಬಾಯಿಪಾಠ. ಹೆಂಡತಿಯ ಹುಟ್ಟುಹಬ್ಬವನ್ನು ಮಾತ್ರ ಫೋನು ನೆನಪಿಸಬೇಕು. "ಎಂಥಾ ಗಂಡಸ ಅಂತಿ! ಅಂಥಾ ಥಂಡ್ಯಾಗೂ ಟ್ಯಾಂಕ್ ಬಿಟ್ಟು ಇಳೀಲಿಲ್ಲ," ಎಂದು ಕಣ್ಣರಳಿಸುತ್ತಾನೆ. ತನ್ನನ್ನು ನೋಡಿ ಆ ಕಣ್ಣು ಹಾಗೆ ಅರಳಿದ್ದು ಯಾವಾಗ ಎಂದು ಅವಳು ಒಳಗೊಳಗೇ ಉರಿಯುತ್ತಾಳೆ. ಮೊನ್ನೆಯಂತೂ, ಅವಳ ತವರಿನಿಂದ ಸೂಟ್‌ಕೇಸಿನಲ್ಲಿ ಬಂದಿದ್ದ ಜೋಳದ ಹಿಟ್ಟನ್ನೆಲ್ಲ ಮೇಜಿನ ಮೇಲೆ ಸುರಿದು ರಷ್ಯಾದ ಹಿಮ ಮಾಡಿಬಿಟ್ಟ. "ರೊಟ್ಟಿ ಹಿಟ್ಟರೀ ಅದು!" ಎಂದರೆ, "ತಡಿ, ಅಂವಾ ಈಗ ಹಿಮದಾಗ ಸಿಕ್ಕೊಂಡಾನ" ಎಂದ. ಬೈಯಲು ಬಾಯಿ ತೆರೆದವಳು ಯಾಕೋ ಕೇಳಿದಳು: "ಅಂವನ ಹೆಂಡ್ತಿ ಹೆಸರೇನ್ರಿ?" ಸಂಗಮೇಶ ತಲೆ ಕೆರೆದುಕೊಂಡ, ದಪ್ಪ ಪುಸ್ತಕಗಳನ್ನೆಲ್ಲ ತಿರುವಿಹಾಕಿದ. "ಇದ್ಲು... ಹೆಸರ ಗೊತ್ತಿಲ್ಲ. ಅದೇನ್ ಮುಖ್ಯ?" ದಾನೇಶ್ವರಿ ಟ್ಯಾಂಕುಗಳ ಹಿಂದೆ, ಬಹಳ ಹಿಂದೆ, ಮೇಜಿನ ಅಂಚಿನ ಹಿಟ್ಟಿನಲ್ಲಿ ಬೆರಳಿನಿಂದ ಒಂದು ಪುಟ್ಟ ಮನೆ ಬರೆದಳು. "ಇಲ್ಲೆ ಒಬ್ಬಾಕಿ ಕುಂತಾಳ," ಅಂದಳು, "ಊಟಕ್ಕ ಕಾಯಕೋತ."