ಎದುರುಬದುರು ಹಾಕಿದ ಕುರ್ಚಿ

ಶಾಂತಿಯ ಮಾತಾಡಲು ಕೂತ ಮಕ್ಕಳು ಹೊಡೆದಾಡಿಕೊಂಡರು, ಅದಕ್ಕೇ ವಸುಧಾ ಮೇಡಂ ಕೆಲಸ ಹೋಯಿತು ಎಂದು ಕಾಲೇಜಿನಲ್ಲಿ ಈಗಲೂ ಹೇಳುತ್ತಾರೆ. ಅಲ್ಲ. ಆವತ್ತು ನಾನು ಕುರ್ಚಿ ತಪ್ಪಾಗಿ ಹಾಕಿದೆ, ಆಮೇಲೆ ಬಾಯಿ ಮುಚ್ಚಿಕೊಂಡು ನಿಂತೆ. ನಡೆದದ್ದು ಇಷ್ಟೇ.

ಯಲಹಂಕದ ಆ ಕಾಲೇಜಿನಲ್ಲಿ ನಾನು ಕಸ ಗುಡಿಸುವವಳು. ಮನೆ ಕೋಗಿಲಿನಲ್ಲಿ, ಓದಿದ್ದು ನಾಲ್ಕನೇ ಕ್ಲಾಸು. ಮೇಡಂ ಅತಿಥಿ ಉಪನ್ಯಾಸಕಿ, ಅಂದರೆ ಬೇಡವೆಂದ ದಿನ ಮನೆಗೆ ಹೋಗಬೇಕಾದವರು. ಕೂತಲ್ಲಿ ಕೂರುವ ಹೆಂಗಸಲ್ಲ. ಶುಕ್ರವಾರ ಮಧ್ಯಾಹ್ನ ಯುದ್ಧ, ಸಂಧಾನ, ಅಹಿಂಸೆ ಎಂದು ಮಕ್ಕಳನ್ನು ಮಾತಿಗೆ ಕೂರಿಸಿ, ತಾವು ಚಪ್ಪಲಿ ಬಿಟ್ಟು ಕುರ್ಚಿಗಳ ಹಿಂದೆ ಸುತ್ತುತ್ತಲೇ ಇರುತ್ತಿದ್ದರು. ನೋಡಿ ನೋಡಿ ನನಗೇ ತಲೆ ತಿರುಗುತ್ತಿತ್ತು.

ನಾನು ಕುರ್ಚಿ ದುಂಡಗೆ ಹಾಕಬೇಕು. ಈ ಕಡೆಯವನೊಬ್ಬ, ಅವನ ಪಕ್ಕದಲ್ಲೇ ಆ ಕಡೆಯವನೊಬ್ಬ. “ಪಕ್ಕದಲ್ಲಿ ಕೂತೋರ ಮೇಲೆ ಕೂಗ್ಬೇಕಾದ್ರೆ ಕತ್ತು ತಿರುಗಿಸ್ಬೇಕು ಗೌರಮ್ಮ. ಅಷ್ಟ್ರಲ್ಲಿ ಅರ್ಧ ಕೋಪ ಇಳಿದಿರುತ್ತೆ” ಎನ್ನುತ್ತಿದ್ದರು. ಇನ್ನೊಂದು ನಿಯಮವಿತ್ತು. ನಿನ್ನ ಜೊತೆ ಜಗಳವಾಡುವವನ ಮಾತನ್ನು ಮೊದಲು ನೀನೇ ಹೇಳಬೇಕು. ಅವನು ‘ಹೂಂ, ಅದೇ’ ಎಂದ ಮೇಲೆ ನಿನ್ನದು.

ಒಂದು ದಿನ ನಾನು ಸೊಸೆಯನ್ನು ಬೈದುಕೊಳ್ಳುತ್ತಾ ನೆಲ ಒರೆಸುತ್ತಿದ್ದೆ. ಮೇಡಂ ಅಡ್ಡ ಬಂದು ನಿಂತರು.

“ಮೊದ್ಲು ಸೊಸೆ ಮಾತು ಹೇಳಿ.”

“ಅವಳ್ದೇನು, ನಾನು ಬೆಳಗ್ಗೆ ಐದಕ್ಕೇ ಪಾತ್ರೆ ಕುಕ್ತೀನಂತೆ, ಮಗು ಎದ್ಬಿಡ್ತದಂತೆ.”

“ಕುಕ್ತೀರಾ?”

“ಕುಕ್ದೆ ಇನ್ನೇನು, ಎತ್ತಿ ಮುದ್ದಾಡ್ಲಾ?”

ಅವರು ನಕ್ಕುಬಿಟ್ಟರು. ನನಗೆ ಸಿಟ್ಟು ಬಂತು. ಆದರೂ ಪಾತ್ರೆಯ ಕೆಳಗೆ ಹಳೆಯ ಟವೆಲ್ ಹಾಸಿದೆ. ಸೊಸೆ ಕೊಡುವ ಕಾಫಿಗೆ ಸಕ್ಕರೆ ಸರಿಯಾಗಿ ಬೀಳತೊಡಗಿತು.

ಆ ಶುಕ್ರವಾರ ಮಕ್ಕಳು ಎರಡು ದೇಶಗಳ ಪರವಾಗಿ ರಾಜಿ ಮಾತಾಡಬೇಕಿತ್ತು. ಹೊರಗಿನ ಅತಿಥಿಗಳೂ ಬರುವವರಿದ್ದರು. ಲಕ್ಷಣವಾಗಿರಲಿ ಎಂದು, ನಮ್ಮ ಕಡೆ ಮದುವೆ ಮಾತುಕತೆಗೆ ಹೆಣ್ಣಿನವರನ್ನು ಇತ್ತ, ಗಂಡಿನವರನ್ನು ಅತ್ತ ಕೂರಿಸುವ ಹಾಗೆ, ಎರಡು ಸಾಲು ಎದುರುಬದುರು ಹಾಕಿದೆ. ನಡುವೆ ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು ಇಟ್ಟೆ. ನಮ್ಮಲ್ಲಿ ಆ ತಟ್ಟೆಯ ಮುಂದೆ ಯಾರೂ ದನಿ ಎತ್ತುವುದಿಲ್ಲ. ಈ ಮಕ್ಕಳಿಗೆ ಅದೇನು ಗೊತ್ತು!

ಮೇಡಂ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮಕ್ಕಳು ಕಾಯಲಿಲ್ಲ.

“ಮೊದ್ಲು ಹೊಡ್ದಿದ್ದು ನಿಮ್ಮೋರೇ ಮಗಾ!”

“ಮುಚ್ಚೋ ಸಾಕು, ಬಾರ್ಡರ್ ದಾಟಿದ್ದು ಯಾರ್ ಗುರು?”

ಬಾಳೆಹಣ್ಣು ಹಾರಿತು, ಹಿಂದೆಯೇ ಕುರ್ಚಿ. ಒಬ್ಬನ ಹಣೆ ಒಡೆಯಿತು. ಮೇಡಂ ಓಡಿ ಬರುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆಂದು ಆಟೋ ಹತ್ತಿಸುತ್ತಿದ್ದರು.

ಪ್ರಿನ್ಸಿಪಾಲರು ಮೇಡಂರನ್ನು ಕೋಣೆಗೆ ಕರೆಸಿದರು. ನಾನು ಪೊರಕೆ ಹಿಡಿದು ಬಾಗಿಲಲ್ಲೇ ಇದ್ದೆ.

“ಎರಡು ಗುಂಪು ಮಾಡಿ ಎದುರುಬದುರು ಕೂರಿಸಿದ್ದು ಯಾರು?”

ಮೇಡಂ ನನ್ನ ಕಡೆ ತಿರುಗಲೂ ಇಲ್ಲ. “ಕಾರ್ಯಕ್ರಮ ನಂದು ಸರ್. ಜವಾಬ್ದಾರಿನೂ ನಂದೇ.”

“ಹಾಗಿದ್ರೆ ನಾಳೆಯಿಂದ ಬರ್ಬೇಡಿ.”

ನನ್ನ ಕೆಲಸವೂ ಹೋದೀತೆಂದು ನಾನು ತುಟಿ ಬಿಚ್ಚಲಿಲ್ಲ.

ಸಂಜೆ ಬಸ್‌ಸ್ಟಾಪಿನಲ್ಲೂ ಅವರು ಅತ್ತಿಂದಿತ್ತ ಓಡಾಡುತ್ತಿದ್ದರು. ಹತ್ತಿರ ಹೋದೆ. ನನ್ನ ಮಾತನ್ನು ಅವರೇ ಹೇಳಿದರು.

“ಮಾತುಕತೆ ಅಂದ್ಮೇಲೆ ಹಿಂಗೇ ಕೂರಿಸ್ಬೇಕು, ಚೆನ್ನಾಗಾಗ್ಲಿ ಅಂತ ಹಾಕಿದ್ರಿ. ಅಲ್ವಾ?”

“ಹೂಂ” ಎಂದೆ.

ಬಸ್ಸು ಬಂತು, ಹತ್ತಿದರು. ನಿಯಮದ ಪ್ರಕಾರ ಇನ್ನು ಅವರು ತಮ್ಮದು ಹೇಳಬೇಕಿತ್ತು, ಹೇಳದೆ ಹೋದರು. ಆಮೇಲೆ ಕಾಲೇಜಿನವರು ವಾಪಸ್ ಕರೆದರು, ಅವರು ಬರಲಿಲ್ಲ. ಬೇರೆ ಊರು ಸೇರಿದರಂತೆ. ಆ ಸಂಜೆಯ ನಂತರ ನಾನು ಅವರನ್ನು ಕಂಡಿಲ್ಲ.

ಬಸ್‌ಸ್ಟಾಪಿನ ಆ ಸಂಜೆ ಕಳೆದು ಮಾರನೆಯ ಬೆಳಗ್ಗೆಯೇ ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿದ್ದೆ.

“ಸಾರ್, ಮೊದ್ಲು ನಿಮ್ಮ ಮಾತು ನಾನ್ ಹೇಳ್ತೀನಿ. ಮಕ್ಕಳು ಹೊಡೆದಾಡ್ಕೊಂಡ್ರು, ಒಬ್ಬನ್ಗೆ ರಕ್ತ ಬಂತು, ಅವರಪ್ಪ ಅಮ್ಮ ಬಂದ್ ಕೇಳಿದ್ರೆ ಉತ್ತರ ಕೊಡೋರು ನೀವು. ಅಂಗೇ ತಾನೆ?”

ಅವರು ಕಾಗದದಿಂದ ತಲೆ ಎತ್ತಿದರು. “ಹೂಂ. ಅದೇ.”

ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನದು ಶುರು ಮಾಡಿದೆ.